ಹಲ್ಲಿನ ಡಾಕ್ಟರ ಚೀಟಿಗೆ ಮೂರು ಬಾಗಿಲು: ಜರ್ಮನಿಯ ವಿಮೆ ಯಾವ ಔಷಧಿಗೆ ಹಣ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ

ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಜರ್ಮನಿಯ ಹಲ್ಲಿನ ಡಾಕ್ಟರು ಆಗಾಗ ಹೇಳುವ ಔಷಧಿ ಮೂರು. ನೋವಿಗೆ ಐಬುಪ್ರೊಫೆನ್ 600 ಮಿಲಿಗ್ರಾಂ, ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್, ಊತ ಇಳಿಯಲು ಬ್ರೊಮೆಲೈನ್. ಅಪೊಟೇಕೆಗೆ, ಅಂದರೆ ಅಲ್ಲಿನ ಔಷಧಿ ಅಂಗಡಿಗೆ ಹೋದರೆ ಐಬುಪ್ರೊಫೆನ್‌ಗೆ 5 ಯೂರೋ ಕೇಳುತ್ತಾರೆ, ಉಳಿದ ಎರಡಕ್ಕೆ ಪೂರ್ತಿ ಬೆಲೆ. ಹೇಳಿದ್ದು ಒಬ್ಬರೇ ಡಾಕ್ಟರು, ಗಾಯ ಒಂದೇ, ವಿಮೆಯೂ ಒಂದೇ. ಹಾಗಿದ್ದೂ ಬಿಲ್ಲು ಹೀಗೇಕೆ ಎಂದು ಬೆಂಗಳೂರಿನಿಂದ ಮ್ಯೂನಿಕ್ಕಿಗೋ ಸ್ಟುಟ್‌ಗಾರ್ಟಿಗೋ ಹೋಗಿ ನೆಲೆಸಿದವರು ತಬ್ಬಿಬ್ಬಾಗುವುದು ಸಹಜ. ಅಂಗಡಿಯವರು ತಪ್ಪು ಮಾಡಿದರು, ಇಲ್ಲವೇ ಡಾಕ್ಟರು ಸರಿಯಾಗಿ ಬರೆಯಲಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ಇಬ್ಬರ ತಪ್ಪೂ ಇಲ್ಲ.

ಔಷಧಿ ನಿಮ್ಮ ಕೈ ಸೇರುವ ಮುನ್ನ ಮೂರು ಬಾಗಿಲು ದಾಟಬೇಕು. ಆ ಔಷಧಿಯನ್ನು ಬರೆಯುವ ಹಕ್ಕು ಹಲ್ಲಿನ ಡಾಕ್ಟರಿಗೆ ಇದೆಯೇ ಎಂಬುದು ಮೊದಲನೆಯದು. ಬರೆದರೆ ವಿಮೆ ಹಣ ಕೊಡುತ್ತದೆಯೇ ಎಂಬುದು ಎರಡನೆಯದು. ಕೊಟ್ಟರೆ ಯಾವ ಕಂಪನಿಯದು, ಎಷ್ಟು ಮಾತ್ರೆ, ನಿಮ್ಮ ಪಾಲೆಷ್ಟು ಎಂಬುದು ಮೂರನೆಯದು. ಒಂದೊಂದಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಕಾವಲುಗಾರರು. ಗೊಂದಲವೆಲ್ಲ ಹುಟ್ಟುವುದು ಇವನ್ನು ಬೆರೆಸಿ ನೋಡಿದಾಗ.

ಇಲ್ಲಿ ಹೇಳುವುದೆಲ್ಲ ಸಾರ್ವಜನಿಕ ಆರೋಗ್ಯ ವಿಮೆಗೆ ಸಂಬಂಧಿಸಿದ್ದು. ಟಿಕೆ, ಎಒಕೆ, ಬಾರ್ಮರ್ ಮೊದಲಾದ ಕ್ರಾಂಕೆನ್‌ಕಾಸೆಗಳು, ಅಂದರೆ ವಿಮಾ ಸಂಸ್ಥೆಗಳು, ನಡೆಸುವ ಈ ವ್ಯವಸ್ಥೆಯಲ್ಲಿ ಜರ್ಮನಿಯ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಇದ್ದಾರೆ. ಖಾಸಗಿ ವಿಮೆಯವರ ವಿಷಯ ಬೇರೆ. ಅದು ಆಮೇಲೆ.

ಬರೆಯುವ ಹಕ್ಕು

ಜರ್ಮನಿಯ ದಂತವೈದ್ಯರ ವೃತ್ತಿಯನ್ನು ಕಟ್ಟಿಹಾಕಿರುವುದು 1952ರ ದಂತವೈದ್ಯಕೀಯ ಕಾಯ್ದೆ. ಹಲ್ಲು, ಬಾಯಿ ಮತ್ತು ದವಡೆಯ ರೋಗಗಳನ್ನು ಗುರುತಿಸಿ ಚಿಕಿತ್ಸೆ ಕೊಡುವುದು ಅವರ ಕೆಲಸ ಎಂದು ಅದು ಹೇಳುತ್ತದೆ. ಔಷಧಿ ಬರೆಯುವ ಹಕ್ಕೂ ಅಷ್ಟಕ್ಕೇ ಸೀಮಿತ. ಇದು ಔಷಧಿಗಳ ಪಟ್ಟಿಯಲ್ಲ, ರೋಗದ ಎಲ್ಲೆ ಎಂಬುದನ್ನು ಗಮನಿಸಿ. ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ ದಂತವೈದ್ಯರಿಗೆ ಇಂತಿಷ್ಟೇ ಔಷಧಿ ಎಂದು ಒಂದು ಪಟ್ಟಿ ಕೊಟ್ಟಿದ್ದಾರೆ. ಜರ್ಮನಿಯಲ್ಲಿ ಅಂಥ ಪಟ್ಟಿ ಇಲ್ಲ. ಅಮಾಕ್ಸಿಸಿಲಿನ್ ಅನ್ನು ದವಡೆಯ ಕೀವಿಗೆ ಬರೆಯಬಹುದು, ಅದೇ ಮಾತ್ರೆಯನ್ನು ಮೂತ್ರದ ಸೋಂಕಿಗೆ ಬರೆಯುವಂತಿಲ್ಲ.

ಹೇಗೂ ಬಂದಿದ್ದೇನೆ, ನನ್ನ ಥೈರಾಯ್ಡ್ ಮಾತ್ರೆಯನ್ನೂ ಬರೆದುಕೊಡಿ ಎಂದು ಹಲ್ಲಿನ ಡಾಕ್ಟರನ್ನು ಕೇಳಿ ಪ್ರಯೋಜನವಿಲ್ಲ. ದಾಕ್ಷಿಣ್ಯಕ್ಕೆ ಬರೆದರೂ ಅಪೊಟೇಕೆಯಲ್ಲಿ ತಡೆಯುತ್ತಾರೆ. ಚೀಟಿ ದಂತವೈದ್ಯರದ್ದು, ಔಷಧಿ ಕಣ್ಣಿಗೆ ಕಾಣುವಂತೆ ಬಾಯಿಗೆ ಸಂಬಂಧವಿಲ್ಲದ್ದು ಎಂದಾದರೆ ಔಷಧಿಕಾರರು ಅದನ್ನು ಕೊಡುವಂತಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗರ್ಭನಿರೋಧಕ ಎಲ್ಲಕ್ಕೂ ಇದೇ ಮಾತು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸುವ ಮುನ್ನ ಅದನ್ನು ನಿಲ್ಲಿಸಬೇಕೇ, ಪ್ರಮಾಣ ಬದಲಿಸಬೇಕೇ ಎಂಬುದನ್ನು ಕೂಡ ಆ ಮಾತ್ರೆ ಬರೆದ ಡಾಕ್ಟರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು. ಅಂದಾಜಿನ ಮೇಲೆ ನೀವೇ ನಿಲ್ಲಿಸಬೇಡಿ.

ಕಠಿಣ ನಿಯಂತ್ರಣದ ಮಾದಕ ನೋವುನಿವಾರಕಗಳಿಗೆ ಪ್ರತ್ಯೇಕ ಹಳದಿ ಚೀಟಿ ಬೇಕು. ಹಲ್ಲಿನ ಚಿಕಿತ್ಸೆಯಲ್ಲಿ ಅದರ ಅಗತ್ಯ ಬೀಳುವುದು ಅಪರೂಪ. ಟ್ರಮಡಾಲ್ ಜರ್ಮನಿಯಲ್ಲಿ ಆ ಗುಂಪಿಗೆ ಸೇರುವುದಿಲ್ಲ, ಸಾಮಾನ್ಯ ಚೀಟಿಯಲ್ಲೇ ಬರುತ್ತದೆ. ಭಾರತದಲ್ಲಿ ಮಾತ್ರ 2018ರಿಂದ ಅದು ಮಾದಕ ವಸ್ತು ಕಾಯ್ದೆಯ ಅಡಿ ಬಂದಿದೆ. ಉಳಿದ ಟ್ರಮಡಾಲ್ ಮಾತ್ರೆಯನ್ನು ಊರಿಗೆ ಹೋಗುವಾಗ ಚೀಟಿ ಇಲ್ಲದೆ ಬ್ಯಾಗಿಗೆ ಹಾಕಿಕೊಳ್ಳಬಾರದು.

ಹಣ ಕೊಡುವವರ ಎರಡು ಜರಡಿ

ಎರಡನೇ ಬಾಗಿಲೇ ಎಲ್ಲಕ್ಕಿಂತ ಜಟಿಲ. ಜರ್ಮನಿಯ ಸಾಮಾಜಿಕ ಕಾನೂನಿನ ಐದನೇ ಸಂಪುಟದ 12ನೇ ಕಲಮು ಇದರ ತಳಪಾಯ. ಚಿಕಿತ್ಸೆ ಸಾಕಷ್ಟಿರಬೇಕು, ಉದ್ದೇಶಕ್ಕೆ ತಕ್ಕುದಾಗಿರಬೇಕು, ಮಿತವ್ಯಯದ್ದಾಗಿರಬೇಕು, ಅಗತ್ಯಕ್ಕಿಂತ ಮೀರಬಾರದು. ಇದನ್ನು ಮೀರಿ ಬರೆದರೆ ವಿಮೆಯವರು ಆ ಹಣವನ್ನು ಡಾಕ್ಟರಿಂದಲೇ ವಾಪಸು ಕೇಳಬಹುದು. ಡಾಕ್ಟರು ಬಿಗಿ ಹಿಡಿಯುವುದರ ಹಿಂದೆ ಈ ಭಯ ಇದ್ದೇ ಇದೆ. ಯಾವ ಔಷಧಿ ಒಳಗೆ, ಯಾವುದು ಹೊರಗೆ ಎಂಬ ವಿವರವಾದ ನಿಯಮಗಳನ್ನು ಬರೆಯುವುದು ಡಾಕ್ಟರು, ಆಸ್ಪತ್ರೆ, ವಿಮಾ ಸಂಸ್ಥೆಗಳು ಒಟ್ಟಾಗಿ ಕೂರುವ ಜಿ-ಬಿಎ ಎಂಬ ಜಂಟಿ ಸಮಿತಿ.

ಮೊದಲ ಜರಡಿ ಬಂದದ್ದು 2004ರ ಜನವರಿ 1ರಂದು. ಚೀಟಿ ಇಲ್ಲದೆ ಅಪೊಟೇಕೆಯಲ್ಲಿ ಕೊಳ್ಳಬಹುದಾದ ಔಷಧಿಗಳಿಗೆ ಅಂದಿನಿಂದ ವಿಮೆ ಹಣ ಕೊಡುವುದಿಲ್ಲ. ಡಾಕ್ಟರು ಬರೆದರೂ ಇಲ್ಲ, ನಿಜವಾಗಿ ಅಗತ್ಯವಿದ್ದರೂ ಇಲ್ಲ. 12 ವರ್ಷ ತುಂಬದ ಮಕ್ಕಳಿಗೂ, ಬೆಳವಣಿಗೆಯ ತೊಂದರೆ ಇರುವ 18ರೊಳಗಿನವರಿಗೂ ಮಾತ್ರ ಇದರಿಂದ ವಿನಾಯಿತಿ. ಉಳಿದವರಿಗಾಗಿ ಜಿ-ಬಿಎ ಒಂದು ಚಿಕ್ಕ ಅಪವಾದಗಳ ಪಟ್ಟಿ ಇಟ್ಟಿದೆ. ಗಂಭೀರ ಕಾಯಿಲೆಗೆ ಅದೇ ಔಷಧಿ ಪ್ರಮಾಣಿತ ಚಿಕಿತ್ಸೆ ಎಂದಾದರೆ ಮಾತ್ರ ಅದರೊಳಗೆ ಜಾಗ.

ಎರಡನೇ ಜರಡಿ ಚೀಟಿ ಬೇಕಾಗುವ ಔಷಧಿಗಳಿಗೂ ಅನ್ವಯ. 18 ದಾಟಿದವರಿಗೆ ಕೆಲವು ಗುಂಪುಗಳು ಸಾರಾಸಗಟಾಗಿ ಹೊರಗೆ: ನೆಗಡಿ ಜ್ವರದ ಔಷಧಿ, ಮಲಬದ್ಧತೆಯದು, ಪ್ರಯಾಣದ ವಾಕರಿಕೆಯದು, ಜೊತೆಗೆ ಬಾಯಿ ಮತ್ತು ಗಂಟಲಿನ ಔಷಧಿಗಳು. ದಂತವೈದ್ಯರಿಗೆ ಬಿಸಿ ಮುಟ್ಟಿಸುವುದು ಈ ಕೊನೆಯದು. ಬಾಯಿಯ ಶಿಲೀಂಧ್ರ ಸೋಂಕು, ಬಾಯಿಯೊಳಗಿನ ಹುಣ್ಣಿನ ಕಾಯಿಲೆಗಳು, ಕಿವಿ ಮೂಗು ಗಂಟಲಿನ ಭಾಗದ ಶಸ್ತ್ರಚಿಕಿತ್ಸೆ ಆದ ಮೇಲಿನ ಸ್ಥಿತಿ, ಇಷ್ಟಕ್ಕೆ ಇದರಲ್ಲಿ ರಿಯಾಯಿತಿ ಇದೆ.

ಎರಡೂ ಜರಡಿಯನ್ನು ದಾಟಿದರೆ ಮಾತ್ರ ಹಣ. ಮೊದಲು ಹೇಳಿದ ಮೂರು ಔಷಧಿಗಳನ್ನು ಈಗ ಹಾಕಿ ಜಾಲಿಸಿ ನೋಡೋಣ.

ಐಬುಪ್ರೊಫೆನ್ ಒಂದು ಮಾತ್ರೆಗೆ 400 ಮಿಲಿಗ್ರಾಂವರೆಗೆ, ದಿನಕ್ಕೆ 1200 ಮಿಲಿಗ್ರಾಂವರೆಗಿನ ಬಳಕೆಗೆ ಚೀಟಿ ಇಲ್ಲದೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಬಹಳ ಸಲ 'ಅಕೂಟ್', ಅಂದರೆ ತೀವ್ರ ನೋವಿಗೆ, ಎಂದು ಬರೆದಿರುತ್ತದೆ. 600ಕ್ಕೆ ಚೀಟಿ ಬೇಕು. ಹಾಗಾಗಿ 600 ಮೊದಲ ಜರಡಿಯನ್ನು ದಾಟುತ್ತದೆ, ಎರಡನೆಯದು ಅದನ್ನು ಮುಟ್ಟುವುದೇ ಇಲ್ಲ.

ಕ್ಲೋರ್‌ಹೆಕ್ಸಿಡಿನ್ 0.1 ಅಥವಾ 0.2 ಶೇಕಡಾ ದ್ರಾವಣ ಚೀಟಿ ಇಲ್ಲದೆ ಸಿಗುತ್ತದೆ. ಮೊದಲ ಜರಡಿಯಲ್ಲೇ ಸಿಕ್ಕಿಬಿತ್ತು. ಶಸ್ತ್ರಚಿಕಿತ್ಸೆ ಆದವರಿಗೆ ರಿಯಾಯಿತಿ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ರಿಯಾಯಿತಿ ಇರುವುದು ಎರಡನೇ ಜರಡಿಯಲ್ಲಿ, ಮೊದಲನೆಯದನ್ನು ದಾಟದ ಔಷಧಿಗೆ ಅದು ನೆರವಾಗದು. ಅದೇ ದ್ರಾವಣವನ್ನು 10 ವರ್ಷದ ಮಗುವಿಗೆ ಬರೆದರೆ ವಿಮೆ ಕೊಡುತ್ತದೆ. ಅದಕ್ಕೂ ಒಂದು ಷರತ್ತಿದೆ, ಅದು ಔಷಧಿ ಎಂದು ನೋಂದಣಿಯಾಗಿರಬೇಕು. ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಸಿಗುವ 0.06 ಅಥವಾ 0.09 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಬಾಟಲಿಗಳು ಸೌಂದರ್ಯವರ್ಧಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಅವನ್ನು ಯಾರಿಗೂ, ಯಾವ ವಯಸ್ಸಿಗೂ ವಿಮೆಯ ಚೀಟಿಯಲ್ಲಿ ಬರೆಯಲಾಗದು. ಗಾಯ ಮಾಯಲು ಡಾಕ್ಟರು 0.2 ಹೇಳಿದ್ದರೆ, ಅಗ್ಗ ಎಂದು ಸೂಪರ್‌ಮಾರ್ಕೆಟ್ಟಿನ ಬಾಟಲಿ ತಂದು ಮುಕ್ಕಳಿಸುವುದೂ ಸರಿಯಲ್ಲ.

ಬ್ರೊಮೆಲೈನ್ ಅನಾನಸ್ ಗಿಡದಿಂದ ತೆಗೆಯುವ ಕಿಣ್ವ. ಚೀಟಿ ಬೇಡ, ಅಪವಾದ ಪಟ್ಟಿಯಲ್ಲೂ ಇಲ್ಲ. ಪೂರ್ತಿ ನಿಮ್ಮ ಜೇಬಿನಿಂದ.

ಇಂಥ ಔಷಧಿಗಳಿಗೆ ಡಾಕ್ಟರು ಹಸಿರು ಚೀಟಿ ಕೊಡುತ್ತಾರೆ. ಅದು ಸಲಹೆ ಮಾತ್ರ, ಹಣದ ಆದೇಶವಲ್ಲ, ಅವಧಿಯೂ ಇಲ್ಲ. ಆದರೂ ಎಸೆಯಬೇಡಿ. ಕೆಲವು ಕ್ರಾಂಕೆನ್‌ಕಾಸೆಗಳು ತಮ್ಮ ಉಪನಿಯಮದಲ್ಲಿ ಸ್ವಇಚ್ಛೆಯಿಂದ ಸೇರಿಸಿಕೊಂಡ ಸೌಲಭ್ಯವಾಗಿ ಹಸಿರು ಚೀಟಿಯ ಕೆಲವು ಔಷಧಿಗಳಿಗೆ ವರ್ಷಕ್ಕೆ ಇಂತಿಷ್ಟು ಎಂದು ಮರಳಿಸುತ್ತವೆ. ಜರ್ಮನ್ನರು ಇದನ್ನು ಸಾಟ್ಸುಂಗ್ಸ್‌ಲೈಸ್ಟುಂಗ್ ಅನ್ನುತ್ತಾರೆ. ಕಾಸೆಯ ಆ್ಯಪಿನಲ್ಲಿ ಆ ಪದ ಹುಡುಕಿ, ಚೀಟಿ ಮತ್ತು ಬಿಲ್ಲಿನ ಫೋಟೋ ಹಾಕಿದರೆ ಸಾಕು. ಕಾಸೆಯಿಂದ ಕಾಸೆಗೆ ವ್ಯತ್ಯಾಸ ಇದೆ.

ಅಪವಾದ ಪಟ್ಟಿ ಚಿಕ್ಕದಾದರೂ ಹಲ್ಲಿನ ಚಿಕಿತ್ಸೆಗೆ ಬೇಕಾದ ಎರಡು ಸಾಲು ಅದರಲ್ಲಿವೆ, ರೋಗಿಗಳಿಗೆ ಇವು ಗೊತ್ತಿರುವುದೇ ಇಲ್ಲ. ಬಾಯಿ ಗಂಟಲಿನ ಶಿಲೀಂಧ್ರ ಸೋಂಕಿಗೆ ಕೊಡುವ ಔಷಧಿ, ಉದಾಹರಣೆಗೆ ನಿಸ್ಟಾಟಿನ್, ಚೀಟಿ ಇಲ್ಲದೆ ಸಿಗುವಂಥದ್ದಾದರೂ ವಯಸ್ಕರಿಗೂ ವಿಮೆಯಲ್ಲಿ ಬರುತ್ತದೆ. ಕಟ್ಟುಹಲ್ಲಿನ ಕೆಳಗೆ ಬಿಳಿ ಪೊರೆ ಕಟ್ಟುವ ಹಿರಿಯರಿಗೆ, ಆಸ್ತಮಾಗೆ ಸ್ಟೀರಾಯ್ಡ್ ಇನ್ಹೇಲರ್ ಬಳಸುವವರಿಗೆ ಇದರ ಅಗತ್ಯ ಹೆಚ್ಚು. ಇನ್ನೊಂದು ಕೃತಕ ಲಾಲಾರಸ. ಕ್ಯಾನ್ಸರಿನಿಂದಲೋ ಸ್ವಯಂ ಪ್ರತಿರಕ್ಷಣಾ ರೋಗದಿಂದಲೋ ಬಾಯಿ ಒಣಗುತ್ತಿದ್ದರೆ ಅದಕ್ಕೂ ಹಣ ಸಿಗುತ್ತದೆ. ತಲೆ ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಆದವರಿಗೆ ಲಾಲಾರಸವಿಲ್ಲದ ಬಾಯಿಯಲ್ಲಿ ಹಲ್ಲು ತಿಂಗಳುಗಳಲ್ಲೇ ಹುಳುಕಾಗುತ್ತವೆ. ಅವರು ಇದನ್ನು ವರ್ಷಗಟ್ಟಲೆ ಸ್ವಂತ ಹಣದಲ್ಲಿ ಕೊಳ್ಳುತ್ತಿದ್ದರೆ ಅದು ಬೇಡದ ನಷ್ಟ. ವಯಸ್ಸಿನಿಂದಲೋ ಖಿನ್ನತೆಯ ಮಾತ್ರೆಯಿಂದಲೋ ಒಣಗುವ ಬಾಯಿಗೆ ಈ ಸಾಲು ಅನ್ವಯಿಸುವುದಿಲ್ಲ.

ಬಲವಾದದ್ದು ಅಗ್ಗ, ಮೃದುವಾದದ್ದು ದುಬಾರಿ

ಈ ಜರಡಿಗಳಿಂದ ಒಂದು ಕೆಟ್ಟ ಸೆಳೆತ ಹುಟ್ಟುತ್ತದೆ. ಐಬುಪ್ರೊಫೆನ್ 400ಕ್ಕೆ ನೀವು ಹಣ ಕೊಡಬೇಕು, 600 ವಿಮೆಯಲ್ಲಿ ಬರುತ್ತದೆ. ಪ್ಯಾರಾಸಿಟಮಾಲ್ ನಿಮ್ಮ ಖರ್ಚು, ಮೆಟಮಿಜೋಲ್ ವಿಮೆಯದ್ದು. ಹಾಗಾದರೆ ದೊಡ್ಡದನ್ನೇ ಬರೆಸಿಕೊಳ್ಳೋಣ ಎಂಬ ಯೋಚನೆ ಬರುತ್ತದೆ. ಅದು ತಪ್ಪು ಲೆಕ್ಕ. ಚೀಟಿಯ ಔಷಧಿಗೂ ಸಾಮಾನ್ಯವಾಗಿ ಕನಿಷ್ಠ 5 ಯೂರೋ ನಿಮ್ಮ ಪಾಲು ಇದ್ದೇ ಇರುತ್ತದೆ, 400ರ ಸಾದಾ ಪೆಟ್ಟಿಗೆಯ ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ. ಉಳಿತಾಯ ಇಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಹೊರೆ ಮಾತ್ರ ಹೆಚ್ಚು. ಸಾಮಾನ್ಯ ಹಲ್ಲು ಕಿತ್ತ ನೋವಿಗೆ ಎರಡು ಮೂರು ದಿನ 400 ಸಾಕಾಗುವವರೇ ಬಹಳ.

ಮೆಟಮಿಜೋಲ್ ಬಗ್ಗೆ ಇನ್ನೂ ಎರಡು ಮಾತು ಹೇಳಲೇಬೇಕು. ಜರ್ಮನಿಯಲ್ಲಿ ಅದು ನೊವಾಲ್ಜಿನ್, ನೊವಾಮಿನ್‌ಸಲ್ಫೋನ್ ಎಂಬ ಹೆಸರುಗಳಲ್ಲಿ ಮನೆಮಾತು. ನಮ್ಮಲ್ಲಿ ಒಂದು ಕಾಲಕ್ಕೆ ಅನಾಲ್ಜಿನ್ ಎಂದು ಪ್ರತಿ ಮನೆಯಲ್ಲೂ ಇದ್ದದ್ದು ಇದೇ. ಅಮೆರಿಕದಲ್ಲಿ 1970ರ ದಶಕದಲ್ಲೇ ಅದನ್ನು ಮಾರುಕಟ್ಟೆಯಿಂದ ತೆಗೆದರು. ಜರ್ಮನಿಯಲ್ಲಿ ಅದಕ್ಕೆ ಅನುಮತಿ ಇರುವುದು ಗಾಯ ಅಥವಾ ಶಸ್ತ್ರಚಿಕಿತ್ಸೆಯ ನಂತರದ ತೀವ್ರ ನೋವು, ಒಳಾಂಗಗಳ ಸೆಳೆತದ ನೋವು, ಕ್ಯಾನ್ಸರ್ ನೋವು, ಬೇರೆಯದಕ್ಕೆ ಬಗ್ಗದ ಜ್ವರ ಇಂಥವಕ್ಕೆ ಮಾತ್ರ. ಅಪರೂಪಕ್ಕೆ ಅದು ರಕ್ತದ ಬಿಳಿ ಕಣಗಳನ್ನು ಕುಸಿಸುತ್ತದೆ. 2024ರಲ್ಲಿ ಯುರೋಪಿನ ಔಷಧ ಸಂಸ್ಥೆ ಈ ಎಚ್ಚರಿಕೆಯನ್ನು ಮತ್ತಷ್ಟು ಬಿಗಿಗೊಳಿಸಿತು. ಇದ್ದಕ್ಕಿದ್ದಂತೆ ಜ್ವರ, ಚಳಿ, ಗಂಟಲು ನೋವು, ಬಾಯೊಳಗೆ ಹುಣ್ಣು, ಇವು ಅದರ ಲಕ್ಷಣ. ಹಲ್ಲು ಕಿತ್ತವರಿಗೆ ಬಾಯಿ ನೋವು ಹೇಗೂ ಇರುತ್ತದಾದ್ದರಿಂದ ಇದು ಕಣ್ತಪ್ಪುವ ಅಪಾಯ ಹೆಚ್ಚು. ಕಿತ್ತ ಜಾಗದಿಂದ ದೂರ, ಕೆನ್ನೆಯ ಒಳಗೋ ನಾಲಿಗೆಯ ಮೇಲೋ ಹುಣ್ಣು ಎದ್ದರೆ ಮಾತ್ರೆ ತಕ್ಷಣ ನಿಲ್ಲಿಸಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು.

ಪ್ಯಾರಾಸಿಟಮಾಲ್‌ಗೆ ಇನ್ನೊಂದು ಬಗೆಯ ಮಿತಿ. ಚೀಟಿ ಇಲ್ಲದೆ ಒಂದು ಪೆಟ್ಟಿಗೆಯಲ್ಲಿ 10 ಗ್ರಾಂ ಮಾತ್ರ, ಅಂದರೆ 500ರ 20 ಮಾತ್ರೆ. 2009ರಿಂದ ಇದೇ ನಿಯಮ. ಮಿತಿಮೀರಿದರೆ ಯಕೃತ್ತು ಹಾಳಾಗುತ್ತದೆ ಎಂಬುದೇ ಕಾರಣ.

ಪ್ರತಿಜೀವಕ: ಬರೆಯಲು ತಡೆ ಇಲ್ಲ, ಬರೆಯದಿರಲು ಕಾರಣಗಳಿವೆ

ಆ್ಯಂಟಿಬಯಾಟಿಕ್ ಎಲ್ಲವೂ ಚೀಟಿಯ ಔಷಧಿ, ಎರಡು ಜರಡಿಯನ್ನೂ ದಾಟುತ್ತವೆ, ವಿಮೆ ಕೊಡುತ್ತದೆ. ಹಾಗಿದ್ದೂ ಜರ್ಮನಿಯ ಹಲ್ಲಿನ ಡಾಕ್ಟರು ಬರೆಯಲು ಹಿಂಜರಿದರೆ ಅದು ಜಿಪುಣತನ ಎಂದು ತಿಳಿಯಬಾರದು. ಹಲ್ಲಿನ ಒಳಗಿನ ನರ ಉರಿಯುವ ನೋವಿಗೆ, ರಾತ್ರಿಯೆಲ್ಲ ಎದ್ದು ಕೂರಿಸುವ ಆ ನೋವಿಗೆ, ಆ್ಯಂಟಿಬಯಾಟಿಕ್ ಏನೂ ಮಾಡದು. ಹಲ್ಲು ತೆರೆದು ನರ ತೆಗೆಯುವುದೇ ಅದರ ಮದ್ದು. ಕೀವು ಕಟ್ಟಿದ್ದರೆ ಕೀವು ಹೊರಗೆ ಬರಬೇಕು. ಕೀವಿನ ಗೂಡಿನೊಳಗೆ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಮಾತ್ರೆಯೂ ಹೋಗದು. ಜ್ವರ ಬಂದಿದೆ, ಊತ ಕೆನ್ನೆ ದಾಟಿ ಕಣ್ಣಿನತ್ತ ಅಥವಾ ಕುತ್ತಿಗೆಯತ್ತ ಹರಡುತ್ತಿದೆ, ರೋಗಿಯ ಪ್ರತಿರಕ್ಷಣೆ ಕುಗ್ಗಿದೆ ಎಂದಾಗ ಅದು ಬೇಕು. ಬಾಯಿ ತೆರೆಯಲು ಆಗುತ್ತಿಲ್ಲ, ನುಂಗಲು ಕಷ್ಟ, ನಾಲಿಗೆಯ ಕೆಳಗೆ ಗಟ್ಟಿಯಾಗಿದೆ ಎಂದರೆ ಚೀಟಿಗಾಗಿ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು. ಅದು ಉಸಿರಾಟಕ್ಕೆ ಬರುವ ಅಪಾಯ.

ಮೊದಲ ಆಯ್ಕೆ ಅಮಾಕ್ಸಿಸಿಲಿನ್. ಜರ್ಮನಿಯ ದಂತವೈದ್ಯರು ಬಹುಕಾಲ ಕ್ಲಿಂಡಮೈಸಿನ್ ಅನ್ನು ಧಾರಾಳವಾಗಿ ಬರೆಯುತ್ತಿದ್ದರು, ಮೂಳೆಗೆ ಚೆನ್ನಾಗಿ ಇಳಿಯುತ್ತದೆ ಎಂಬ ನಂಬಿಕೆಯಿಂದ. ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಸೂಕ್ಷ್ಮಾಣು ಕೆರಳಿ ಕೆಟ್ಟ ಭೇದಿ ತರುವ ಅಪಾಯ ಅದರಲ್ಲಿ ದೊಡ್ಡದು. ಹೃದಯದ ಒಳಪದರದ ಸೋಂಕು ತಡೆಯಲು ಹಲ್ಲು ಕೀಳುವ ಮುನ್ನ ಕೊಡುವ ಒಂದೇ ಪ್ರಮಾಣದ ಔಷಧಿಯಲ್ಲಿ 2023ರ ಯುರೋಪಿನ ಹೃದ್ರೋಗ ಮಾರ್ಗಸೂಚಿ ಕ್ಲಿಂಡಮೈಸಿನ್ ಅನ್ನು ಕೈಬಿಟ್ಟಿದೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಈಗ ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥವು. ಅಲರ್ಜಿ ಇಲ್ಲದ ವಯಸ್ಕರಿಗೆ ಚಿಕಿತ್ಸೆಗೆ 30ರಿಂದ 60 ನಿಮಿಷ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ. ಇದು ಎಲ್ಲರಿಗೂ ಅಲ್ಲ. ಕೃತಕ ಹೃದಯ ಕವಾಟ ಇರುವವರು, ಹಿಂದೆ ಆ ಸೋಂಕು ಬಂದಿದ್ದವರು, ಕೆಲವು ಬಗೆಯ ಹುಟ್ಟು ಹೃದ್ರೋಗದವರು, ಇಂಥ ಹೆಚ್ಚಿನ ಅಪಾಯದ ಗುಂಪಿಗೆ ಮಾತ್ರ. ಹಾಗಾಗಿ ಹೊಸ ಡಾಕ್ಟರ ಬಳಿ ತುಂಬಿಸುವ ಫಾರ್ಮಿನಲ್ಲಿ ಹೃದಯದ ಪ್ರಶ್ನೆಗೆ ಅವಸರದಲ್ಲಿ ಇಲ್ಲ ಎಂದು ಗುರುತು ಹಾಕಬೇಡಿ.

ಒಸಡಿನ ತೀವ್ರ ಕಾಯಿಲೆಗೆ, ಆಳವಾಗಿ ಸ್ವಚ್ಛ ಮಾಡುವ ಹಂತದ ಜೊತೆಗೆ, ಅಮಾಕ್ಸಿಸಿಲಿನ್ 500 ಮತ್ತು ಮೆಟ್ರೊನಿಡಜೋಲ್ 400 ಎರಡನ್ನೂ ದಿನಕ್ಕೆ ಮೂರು ಸಲದಂತೆ 7 ದಿನ ಕೊಡುವ ಪದ್ಧತಿ ಇದೆ. ಆಯ್ದ ರೋಗಿಗಳಿಗೆ ಮಾತ್ರ. ಅಲ್ಲಿ ಎಡವಟ್ಟಾಗುವುದು ಮೆಟ್ರೊನಿಡಜೋಲ್‌ನಿಂದ. ಆ ದಿನಗಳಲ್ಲೂ ನಂತರದ ಒಂದೆರಡು ದಿನವೂ ಮದ್ಯ ಮುಟ್ಟಬಾರದು. ರಕ್ತ ತೆಳುಮಾಡುವ ಮಾರ್ಕುಮಾರ್ ಅಥವಾ ವಾರ್ಫರಿನ್ ಬಳಸುವವರಲ್ಲಿ ಅದು ರಕ್ತವನ್ನು ಇನ್ನಷ್ಟು ತೆಳುಮಾಡುತ್ತದೆ. ಒಸಡಿನ ಸಂದಿಯೊಳಗೆ ಇಡುವ ಔಷಧಿಯ ಸಣ್ಣ ಬಿಲ್ಲೆ, ಜೆಲ್ ಸಾಮಾನ್ಯವಾಗಿ ಸ್ವಂತ ಖರ್ಚಿನ ಬಾಬತ್ತು. ಒಪ್ಪುವ ಮುನ್ನ ಲಿಖಿತ ಅಂದಾಜು ಕೇಳಿ.

ಕುರ್ಚಿಯ ಮೇಲೆ ಕೊಡುವ ಔಷಧಿಗಳಿಗೆ ಚೀಟಿಯ ಮಾತೇ ಇಲ್ಲ. ಮರಗಟ್ಟಿಸುವ ಚುಚ್ಚುಮದ್ದು, ಹೆಚ್ಚಾಗಿ 1976ರಲ್ಲಿ ಜರ್ಮನಿಯಲ್ಲೇ ಬಳಕೆಗೆ ಬಂದ ಆರ್ಟಿಕೇನ್, ಬೇರಿನ ಕಾಲುವೆಯೊಳಗೆ ಇಡುವ ಮದ್ದು, ಕಿತ್ತ ಕುಳಿಗೆ ತುಂಬುವ ಪಟ್ಟಿ, ಇವೆಲ್ಲ ಚಿಕಿತ್ಸೆಯ ದರದೊಳಗೇ ಸೇರಿವೆ. ಚಿಕಿತ್ಸೆಯೇ ಖಾಸಗಿಯಾದರೆ ಮಾತು ಬೇರೆ. ಇಂಪ್ಲಾಂಟ್ ಕೂರಿಸುವುದು ಸಾರ್ವಜನಿಕ ವಿಮೆಯಲ್ಲಿ ಕೆಲವೇ ಅಪರೂಪದ ಸಂದರ್ಭ ಬಿಟ್ಟರೆ ಬರುವುದಿಲ್ಲ. ಅದರ ಜೊತೆಗಿನ ಔಷಧಿಗೂ ಸಾಮಾನ್ಯವಾಗಿ ನೀಲಿ ಬಣ್ಣದ ಖಾಸಗಿ ಚೀಟಿಯೇ.

ಅಪೊಟೇಕೆಯ ಕೌಂಟರಿನಲ್ಲಿ

ವಿಮೆ ಹಣ ಕೊಡುವ ಗುಲಾಬಿ ಚೀಟಿ 2024ರ ಜನವರಿ 1ರಿಂದ ಕಾಗದದಲ್ಲಿಲ್ಲ, ಇ-ರೆಟ್ಸೆಪ್ಟ್ ಎಂಬ ಡಿಜಿಟಲ್ ಚೀಟಿ ಆಗಿದೆ. ಜನ ಇನ್ನೂ ಗುಲಾಬಿ ಎಂದೇ ಕರೆಯುತ್ತಾರೆ. ವಿಮೆ ಕಾರ್ಡನ್ನು ಕೌಂಟರಿನ ಯಂತ್ರಕ್ಕೆ ಹಿಡಿದರೆ ಸಾಕು, ಪಿನ್ ಬೇಡ. ಆ್ಯಪಿನಿಂದಲೋ, ಡಾಕ್ಟರ ಕಚೇರಿ ಮುದ್ರಿಸಿಕೊಟ್ಟ ಸಂಕೇತದ ಹಾಳೆಯಿಂದಲೋ ಕೂಡ ಪಡೆಯಬಹುದು. ಇಲ್ಲಿ ಒಂದು ತೊಡಕು ಪದೇಪದೇ ಕಾಣುತ್ತದೆ. ಡಾಕ್ಟರ ಕೋಣೆಯಿಂದ ನೇರ ಪಕ್ಕದ ಅಪೊಟೇಕೆಗೆ ಹೋದರೆ ಚೀಟಿ ಇಲ್ಲ ಎನ್ನುತ್ತಾರೆ. ಡಾಕ್ಟರು ಚೀಟಿ ತಯಾರಿಸಿರುತ್ತಾರೆ, ಡಿಜಿಟಲ್ ಸಹಿ ಹಾಕಿರುವುದಿಲ್ಲ. ಕೆಲವು ಕಡೆ ಹತ್ತಾರು ಚೀಟಿಗೆ ಒಟ್ಟಿಗೆ ಮಧ್ಯಾಹ್ನವೋ ಸಂಜೆಯೋ ಸಹಿ ಹಾಕುವ ರೂಢಿ. ಹಲ್ಲು ಕಿತ್ತು ಮರಗಟ್ಟಿದ ಬಾಯಲ್ಲಿ ಎರಡು ಸಲ ಓಡಾಡುವುದಕ್ಕಿಂತ, ಹೊರಡುವ ಮುನ್ನ ಸಹಿ ಆಗಿದೆಯೇ ಎಂದು ಮುಂಗಟ್ಟೆಯಲ್ಲಿ ಕೇಳಿಬಿಡಿ.

ಚೀಟಿ 28 ದಿನ ವಿಮೆಯ ಖರ್ಚಿನಲ್ಲಿ ನಡೆಯುತ್ತದೆ. ಅದು ಕಳೆದ ಮೇಲೂ, ಬರೆದ ದಿನದಿಂದ ಮೂರು ತಿಂಗಳವರೆಗೆ ಔಷಧಿ ಸಿಗುತ್ತದೆ, ಹಣ ನಿಮ್ಮದು.

ಡಾಕ್ಟರು ಬರೆದ ಕಂಪನಿಯದ್ದೇ ಸಿಗುವುದು ಅಪರೂಪ. ನಿಮ್ಮ ಕಾಸೆ ಯಾವ ಕಂಪನಿಯ ಜೊತೆ ರಿಯಾಯಿತಿ ಒಪ್ಪಂದ ಮಾಡಿಕೊಂಡಿದೆಯೋ ಅದರದ್ದನ್ನೇ ಕೊಡಲು ಅಪೊಟೇಕೆ ಬದ್ಧ. ಒಳಗಿನ ಔಷಧಿ, ಅದರ ಬಲ, ಪೆಟ್ಟಿಗೆಯ ಅಳತೆ ಒಂದೇ ಆಗಿರಬೇಕು. ಹಳೆಯ ಪೆಟ್ಟಿಗೆ ಹಸಿರಿತ್ತು, ಇದು ನೀಲಿ ಎಂದು ಎರಡನ್ನೂ ಒಟ್ಟಿಗೆ ನುಂಗಿದವರಿದ್ದಾರೆ. ಪೆಟ್ಟಿಗೆಯ ಮೇಲಿನ ಔಷಧಿಯ ಮೂಲ ಹೆಸರನ್ನೇ ಓದಿ. ಬದಲಾವಣೆ ಬೇಡ ಎನ್ನಲು ವೈದ್ಯಕೀಯ ಕಾರಣ ಇದ್ದರೆ, ಉದಾಹರಣೆಗೆ ಮಾತ್ರೆಯಲ್ಲಿನ ಬೇರೆ ಪದಾರ್ಥಕ್ಕೆ ಅಲರ್ಜಿ, ಡಾಕ್ಟರು 'ಔಟ್ ಇಡೆಮ್' ಎಂಬ ಚೌಕದಲ್ಲಿ ಗುರುತು ಹಾಕಿ ಅದನ್ನು ತಡೆಯಬಹುದು.

ಪೆಟ್ಟಿಗೆಗಳಿಗೆ ಎನ್1, ಎನ್2, ಎನ್3 ಎಂದು ಮೂರು ಅಳತೆ. ಸರಿಸುಮಾರು 10, 30, 100 ದಿನದ ಚಿಕಿತ್ಸೆಗೆ ಎಂಬ ಲೆಕ್ಕ. ಹಲ್ಲಿನ ಚಿಕಿತ್ಸೆಗೆ ಎನ್1 ಹೆಚ್ಚು. ಆ್ಯಂಟಿಬಯಾಟಿಕ್ ವಿಷಯದಲ್ಲಿ ಈ ಅಳತೆ ಕೂಡಿಬರುವುದಿಲ್ಲ. ಅಮಾಕ್ಸಿಸಿಲಿನ್ 1000ರ 10 ಮಾತ್ರೆಯ ಪೆಟ್ಟಿಗೆ ದಿನಕ್ಕೆ ಮೂರರಂತೆ ಮೂರು ದಿನಕ್ಕೆ ಮುಗಿದು ಒಂದು ಉಳಿಯುತ್ತದೆ. ಐದು ದಿನ ಹೇಳಿದ್ದರೆ 20ರದ್ದು ಬೇಕು, ಆಗ ಐದು ಉಳಿಯುತ್ತವೆ. ಚೀಟಿಯಲ್ಲಿ ಎಷ್ಟು ದಿನ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಉಳಿದದ್ದನ್ನು ಮುಂದಿನ ನೋವಿಗೆಂದು ಇಟ್ಟುಕೊಳ್ಳುವುದು ಬೇಡ, ಶೌಚಕ್ಕೆ ಸುರಿಯುವುದೂ ಬೇಡ. ಬಹುತೇಕ ಊರುಗಳಲ್ಲಿ ಅದು ಉಳಿಕೆ ಕಸದ ಡಬ್ಬಿಗೆ ಹೋಗಬೇಕು.

ನಿಮ್ಮ ಪಾಲು ಔಷಧಿಯ ಬೆಲೆಯ 10 ಶೇಕಡಾ, ಕನಿಷ್ಠ 5 ಯೂರೋ, ಗರಿಷ್ಠ 10. 14 ಯೂರೋ ಔಷಧಿಗೆ 5, 75ರದ್ದಕ್ಕೆ 7.50, 120ರದ್ದಕ್ಕೆ 10. ಬೆಲೆಯೇ 4.50 ಇದ್ದರೆ 4.50 ಮಾತ್ರ. ಇದು ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ. 18 ತುಂಬದವರಿಗೆ ಪಾಲು ಇಲ್ಲ. ಹಾಗಾಗಿ 15ರ ಹುಡುಗನಿಗೆ ಐಬುಪ್ರೊಫೆನ್ 600 ಬರೆದರೆ ಪಾಲಿಲ್ಲದೆ ಬರುತ್ತದೆ, 400ರದ್ದಕ್ಕೆ ಮಾತ್ರ ತಾಯ್ತಂದೆಯರೇ ಹಣ ಕೊಡಬೇಕು. 12ಕ್ಕೂ 18ಕ್ಕೂ ನಡುವಿನ ಈ ಆರು ವರ್ಷ ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತದೆ. ಕೆಲವು ಔಷಧಿಗಳಿಗೆ ವಿಮೆ ಕೊಡುವ ಹಣಕ್ಕೆ ನಿಗದಿತ ಮೇಲ್ಮಿತಿ ಇದೆ. ಕಂಪನಿ ಅದಕ್ಕಿಂತ ಹೆಚ್ಚು ಬೆಲೆ ಇಟ್ಟಿದ್ದರೆ ವ್ಯತ್ಯಾಸವನ್ನು ನೀವೇ ತುಂಬಬೇಕು. ಅದಿಲ್ಲದ ಬೇರೆ ಕಂಪನಿಯದ್ದು ಇದೆಯೇ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ.

ವರ್ಷಕ್ಕೆ ಕುಟುಂಬದ ಒಟ್ಟು ಆದಾಯದ 2 ಶೇಕಡಾ ದಾಟಿದ ಮೇಲೆ ಈ ಪಾಲುಗಳು ನಿಲ್ಲುತ್ತವೆ, ದೀರ್ಘಕಾಲದ ಕಾಯಿಲೆ ಇದ್ದವರಿಗೆ 1 ಶೇಕಡಾ. ಕಾಸೆ ತಾನಾಗಿ ಹೇಳುವುದಿಲ್ಲ, ರಸೀದಿ ಜೋಡಿಸಿ ನೀವೇ ಅರ್ಜಿ ಹಾಕಬೇಕು. ಕ್ಲೋರ್‌ಹೆಕ್ಸಿಡಿನ್ ಬ್ರೊಮೆಲೈನ್‌ಗಳಂತೆ ಪೂರ್ತಿ ಕೊಟ್ಟು ಕೊಂಡದ್ದು ಈ ಲೆಕ್ಕಕ್ಕೆ ಬಾರದು.

ಖಾಸಗಿ ವಿಮೆಯವರು, ಊರಿನಿಂದ ತಂದ ಮಾತ್ರೆಗಳು

2025ರಲ್ಲಿ ವರ್ಷಕ್ಕೆ 73,800 ಯೂರೋ ಮೀರಿದ ಸಂಬಳದ ನೌಕರರು ಖಾಸಗಿ ವಿಮೆ ಆಯ್ದುಕೊಳ್ಳಬಹುದಿತ್ತು. ಐಟಿಯವರಲ್ಲಿ ಹಲವರು ಈ ಗುಂಪಿನವರು. ಅವರಿಗೆ ನೀಲಿ ಚೀಟಿ, ಅವಧಿ ಮೂರು ತಿಂಗಳು. ಮೊದಲು ಪೂರ್ತಿ ಕೊಟ್ಟು ಆಮೇಲೆ ಮರಳಿ ಪಡೆಯಬೇಕು. ಮೇಲಿನ ಎರಡು ಜರಡಿ ಅವರಿಗೆ ತಾನಾಗಿ ಅನ್ವಯಿಸದು, ಅವರವರ ಒಪ್ಪಂದ ಏನು ಹೇಳುತ್ತದೋ ಅದೇ. ಭಾಷಾ ಕೋರ್ಸಿಗೆ ಬಂದವರು, 30 ದಾಟಿದ ಮೇಲೆ ಓದಲು ಬಂದವರು ಕೊಳ್ಳುವ ಅಗ್ಗದ ವಿಮೆಗಳಲ್ಲಿ ಹಲ್ಲಿನ ಮಟ್ಟಿಗೆ ನೋವು ನಿಲ್ಲಿಸುವ ಚಿಕಿತ್ಸೆಯಷ್ಟೇ ಇರುವುದು ಹೆಚ್ಚು. ಸಹಿ ಹಾಕುವ ಮುನ್ನ ಆ ಪುಟ ಓದಿ.

ಊರಿನಿಂದ ಮಾತ್ರೆ ತರುವುದು ನಮ್ಮವರ ಹಳೆಯ ಅಭ್ಯಾಸ. ಪ್ರಯಾಣದಲ್ಲಿ ಸ್ವಂತ ಬಳಕೆಗೆ ಮೂರು ತಿಂಗಳಿಗೆ ಆಗುವಷ್ಟು ತರಬಹುದು. ಭಾರತದಿಂದ ಅಂಚೆಯಲ್ಲಿ ತರಿಸುವಂತಿಲ್ಲ, ಕಸ್ಟಮ್ಸ್‌ನಲ್ಲಿ ನಿಲ್ಲಿಸುತ್ತಾರೆ. ಕೀಟೊರೊಲಾಕ್ ಮಾತ್ರೆ, ನಿಮೆಸುಲೈಡ್ ನಮ್ಮಲ್ಲಿ ಹಲ್ಲುನೋವಿಗೆ ಸಾಮಾನ್ಯ, ಜರ್ಮನಿಯ ಅಪೊಟೇಕೆಯಲ್ಲಿ ಇಲ್ಲ. ಅವನ್ನು ನುಂಗಿ, ಮೇಲೆ ಅಲ್ಲಿನ ಐಬುಪ್ರೊಫೆನ್ 600 ಸೇರಿಸಿದರೆ ಒಂದೇ ಗುಂಪಿನ ಎರಡು ಔಷಧಿ ಹೊಟ್ಟೆ ಸೇರಿದಂತೆ. ಹೊಟ್ಟೆಯ ರಕ್ತಸ್ರಾವದ ಅಪಾಯ ಏರುತ್ತದೆ. ಊರಿನ ಮಾತ್ರೆ ತೆಗೆದುಕೊಂಡಿದ್ದರೆ ಬ್ರ್ಯಾಂಡ್ ಹೆಸರನ್ನಷ್ಟೇ ಹೇಳಿದರೆ ಜರ್ಮನ್ ಡಾಕ್ಟರಿಗೆ ತಿಳಿಯದು, ಮಾತ್ರೆಯ ಸ್ಟ್ರಿಪ್ಪಿನ ಹಿಂದಿನ ಔಷಧಿಗಳ ವಿವರವನ್ನೇ ತೋರಿಸಿ. ನಮ್ಮ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಬೆರೆತಿರುವುದು ಮಾಮೂಲು. ಸಾರ್ವಜನಿಕ ವಿಮೆಯವರ ಇ-ರೆಟ್ಸೆಪ್ಟ್ ಔಷಧಿಗಳು ಈಗ ಅವರ ವಿದ್ಯುನ್ಮಾನ ರೋಗಿ ಕಡತದಲ್ಲಿ ತಾನಾಗಿ ಪಟ್ಟಿಯಾಗುತ್ತವೆ, ಸೂಟ್‌ಕೇಸಿನಲ್ಲಿ ಬಂದದ್ದು ಅದರಲ್ಲಿ ಕಾಣುವುದಿಲ್ಲ.

ಹಲ್ಲುನೋವು ಭಾನುವಾರ ರಾತ್ರಿಯೇ ಬಂದರೆ ಸರದಿಯ ತುರ್ತು ಅಪೊಟೇಕೆ ತೆರೆದಿರುತ್ತದೆ. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಮತ್ತು ಹಬ್ಬದ ದಿನ ಇಡೀ ಹೊತ್ತು, 2.50 ಯೂರೋ ಹೆಚ್ಚುವರಿ ಶುಲ್ಕ ಇದೆ. ತುರ್ತು ಚಿಕಿತ್ಸೆ ಕೊಟ್ಟ ಡಾಕ್ಟರು ಚೀಟಿಯಲ್ಲಿ 'ನೋಕ್ಟು' ಎಂಬ ಜಾಗದಲ್ಲಿ ಗುರುತು ಹಾಕಿದ್ದರೆ ಅದನ್ನು ವಿಮೆಯೇ ಕೊಡುತ್ತದೆ. ಮರೆಯುವುದು ಸುಲಭವಾದ ಗುರುತು ಅದು, ಕುರ್ಚಿಯಿಂದ ಏಳುವ ಮುನ್ನ ನೆನಪಿಸಿ.